ಮಕ್ಕಳ ಮೊಬೈಲು, ಮಾತು, ಮರ್ಯಾದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಆನ್‌ಲೈನ್‌ನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮಕ್ಕಳ ಗುರುತು ಹತ್ತಬಾರದೆಂದು ಕೇಳಿದವರ ಹೆಸರನ್ನೂ ಶಾಲೆಗಳ ಹೆಸರನ್ನೂ ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. 8ನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಮೊಬೈಲ್ ನಡವಳಿಕೆಯ ಬಗ್ಗೆ ಪಾಠ ಮಾಡಿ ಎಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ. ಕಂಪ್ಯೂಟರ್‌ಗಳು ಕೆಟ್ಟು ಕೂತಿವೆ, ಮಕ್ಕಳು ಮೊಬೈಲ್ ತರುವಂತಿಲ್ಲ. ‘ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ’ ಎಂದು ಹೇಳಿ ನೋಡಿದೆ, ನಕ್ಕು ಸುಮ್ಮನಾದರು. ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಗೋಕಾಕ ತಾಲ್ಲೂಕು

ಉತ್ತರ: ಅಕ್ಕಾವ್ರೇ, ಮೊಬೈಲ್ ಇಲ್ಲದ್ದೇ ಒಳ್ಳೆಯದಾಯಿತು. ಅದು ಕೈಯಲ್ಲಿದ್ದರೆ ಮಕ್ಕಳ ಕಣ್ಣು ಪರದೆಯ ಮೇಲಿರುತ್ತದೆ, ಆಡಿದ ಮಾತಿನ ಮೇಲಲ್ಲ. ನೀವು ಕಲಿಸಬೇಕಾದದ್ದು ಮಾತಿನ ವಿಷಯ. ಅದಕ್ಕೆ ಕಾಗದ, ಪೆನ್ನು ಸಾಕು.

ಹಳೆಯ ಕ್ಯಾಲೆಂಡರಿನ ಏಳು ಹಾಳೆ ತನ್ನಿ, ಹಿಂಬದಿ ಖಾಲಿ ಇರುತ್ತದೆ. ಆರಾರು ಮಕ್ಕಳ ಏಳು ಗುಂಪು ಮಾಡಿ. ಒಂದೊಂದು ಹಾಳೆಯೂ ಒಂದೊಂದು ವಾಟ್ಸ್‌ಆ್ಯಪ್ ಗ್ರೂಪ್ ಎಂದು ಹೇಳಿ. ಮೇಲ್ಗಡೆ ನೀವೇ ಸನ್ನಿವೇಶ ಬರೆದು ಕೊಡಿ: ‘ಕಬಡ್ಡಿ ಆಟದಲ್ಲಿ ಒಬ್ಬ ಜಾರಿ ಬಿದ್ದು ಅತ್ತ. ಯಾರೋ ಅದರ ವಿಡಿಯೊ ಈ ಗ್ರೂಪಿಗೆ ಹಾಕಿದ್ದಾರೆ.’ ಪ್ರತಿ ಗುಂಪಿನಲ್ಲಿ ಒಬ್ಬರಿಗೆ ಗುಟ್ಟಾಗಿ ಚೀಟಿ ಕೊಡಿ: ‘ಬಿದ್ದವರು ನೀವೇ. ಏನೂ ಬರೆಯದೆ ಓದುತ್ತ ಹೋಗಿ.’ ಉಳಿದ ಐವರು ಎರಡೆರಡು ಸಲ ಬರೆಯಬೇಕು. ಹಾಳೆ ಕೈಯಿಂದ ಕೈಗೆ ಹೋಗಬೇಕು, ಯಾರೂ ಬಾಯಿ ಬಿಡುವಂತಿಲ್ಲ. ಇದಕ್ಕೆ ಹತ್ತು ನಿಮಿಷ.

ಮೊದಲು ಕಿಸಕ್ಕನೆ ನಗುತ್ತಾರೆ. ನಗಲಿ, ತಡೆಯಬೇಡಿ, ನಿಜವಾದ ಗ್ರೂಪಿನಲ್ಲೂ ಹಾಗೇ ನಗುತ್ತಾರೆ, ನಮಗೆ ಬೇಕಾದದ್ದು ಅದೇ. ಹತ್ತು ನಿಮಿಷವಾದ ಮೇಲೆ ಚೀಟಿ ಇದ್ದವರು ಎದ್ದು ನಿಂತು ಎರಡೇ ಮಾತು ಹೇಳಲಿ: ಯಾವ ಸಾಲು ಓದಿದಾಗ ನೋವಾಯಿತು, ಯಾವ ಸಾಲಿನಿಂದ ಸಮಾಧಾನವಾಯಿತು. ಬಹಳ ಗುಂಪುಗಳಲ್ಲಿ ಸಮಾಧಾನದ ಸಾಲೇ ಇರುವುದಿಲ್ಲ, ಅದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೊನೆಯ ಹದಿನೈದು ನಿಮಿಷ ಅದೇ ಹಾಳೆಯ ಕೆಳಗೆ ಅದೇ ಮಾತುಕತೆಯನ್ನು ಮತ್ತೆ ಬರೆಯಲಿ. ಈ ಸಲ ಒಬ್ಬರಾದರೂ ತಡೆಯುವ ಮಾತು ಬರೆಯಬೇಕು. ಅದು ಭಾಷಣವಾಗಬಾರದು; ಅವರು ನಿಜವಾಗಿ ಬರೆಯಬಹುದಾದ ಮಾತಾಗಬೇಕು. ‘ಸಾಕ್ ಬಿಡ್ರೋ, ಅವಂಗೂ ನೋವಾಗತೈತಿ’ ಎಂಬಷ್ಟು ಸಾಕು.

ಈ ಪಾಠ ಕೆಡುವುದು ಮೂರು ಕಡೆ. ತರಗತಿಯಲ್ಲಿ ಈಗಾಗಲೇ ಚೇಷ್ಟೆಗೆ ಗುರಿಯಾದ ಮಗುವಿಗೆ ಆ ಚೀಟಿ ಹೋಗಬಾರದು. ಎಲ್ಲರೊಂದಿಗೆ ಬೆರೆಯುವ, ಗಟ್ಟಿ ಮನಸ್ಸಿನ ಮಕ್ಕಳನ್ನು ಆರಿಸಿ. ನಿಜವಾದ ಹೆಸರು, ಹೋದ ವಾರ ನಡೆದ ನಿಜವಾದ ಜಗಳ ಹಾಳೆಯ ಮೇಲೆ ಬರುವಂತಿಲ್ಲ ಎಂದು ಮೊದಲೇ ಹೇಳಿ. ಬಂದರೆ ಆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೊಸದು ಕೊಡಿ, ಯಾರು ಬರೆದರು ಎಂದು ಎಲ್ಲರೆದುರು ಕೇಳಬೇಡಿ. ಮೂರನೆಯದು ನಮ್ಮದೇ, ಶಿಕ್ಷಕರದೇ, ತಪ್ಪು: ಮಕ್ಕಳು ಬಾಯಿ ಬಿಡುವ ಮೊದಲೇ ನೀತಿ ಹೇಳಿಬಿಡುವುದು. ಅವರಿಂದ ಮಾತು ಬರುವವರೆಗೆ ಒಂದು ನಿಮಿಷ ಸುಮ್ಮನಿರಬೇಕಾಗುತ್ತದೆ. ಆ ನಿಮಿಷ ಬಹಳ ಉದ್ದ ಅನ್ನಿಸುತ್ತದೆ, ತಡೆದುಕೊಳ್ಳಿ.

ಮುಂದಿನ ವಾರ ‘ಲೇ’ ಎಂಬ ಒಂದೇ ಅಕ್ಷರದ ಮೇಲೆ ಪಾಠ ಮಾಡಿ. ನಮ್ಮ ಕಡೆ ಗೆಳೆಯರ ನಡುವೆ ‘ಲೇ’ ಇಲ್ಲದೆ ಮಾತೇ ಇಲ್ಲ. ‘ಯಾಕಲೇ, ಬರಲಿಲ್ಲಾ?’ ಎಂದು ಹೆಗಲ ಮೇಲೆ ಕೈಹಾಕಿ ಕೇಳಿದರೆ ಪ್ರೀತಿ. ಅದನ್ನೇ ಗ್ರೂಪಿನಲ್ಲಿ ಬರೆದರೆ ಹೆಗಲ ಮೇಲಿನ ಕೈ ಅದರ ಜೊತೆ ಹೋಗುವುದಿಲ್ಲ, ಉಳಿಯುವುದು ‘ಲೇ’ ಮಾತ್ರ. ಒಂದೇ ವಾಕ್ಯವನ್ನು ಮೂವರು ಮಕ್ಕಳಿಂದ ಹೇಳಿಸಿ: ಒಬ್ಬರು ಪ್ರೀತಿಯಿಂದ, ಒಬ್ಬರು ಸಿಟ್ಟಿನಿಂದ, ಒಬ್ಬರು ಅಣಕಿಸುತ್ತ. ಆಮೇಲೆ ಅದನ್ನೇ ಬೋರ್ಡಿನ ಮೇಲೆ ಬರೆದು ‘ಈಗ ಇದು ಮೂರರಲ್ಲಿ ಯಾವುದು?’ ಎಂದು ಕೇಳಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಮಕ್ಕಳಿಗೆ ಇನ್ನೊಂದು ತೊಡಕಿದೆ, ಹ್ರಸ್ವ ದೀರ್ಘ ಗೊತ್ತಾಗುವುದಿಲ್ಲ. ಎಂ, ಎ, ಆರ್, ಐ ಎಂದು ಟೈಪ್ ಮಾಡಿದರೆ ಅದು ಮುದ್ದಿನ ‘ಮರಿ’ಯೋ, ಮುಖ ಎಂಬ ಅರ್ಥದ ‘ಮಾರಿ’ಯೋ? ಇಷ್ಟರ ಮೇಲೆಯೇ ಜಗಳ ಹತ್ತಿಕೊಳ್ಳುತ್ತದೆ. ಫೋನಿನ ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡು ಕನ್ನಡ ಅಕ್ಷರದಲ್ಲೇ ಬರೆಯುವುದನ್ನು ರೂಢಿ ಮಾಡಿಸಿ.

ಮೂರನೇ ಪಿರಿಯಡ್ ಗಣಿತದ ಗುರುಗಳಿಗೆ ಬಿಟ್ಟುಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಫಾರ್ವರ್ಡ್ ಮಾಡಬಹುದು. ಒಬ್ಬ ಐವರಿಗೆ, ಆ ಐವರು ಮತ್ತೆ ಐದೈದು ಜನಕ್ಕೆ: 5, 25, 125, 625, 3,125. ಐದನೇ ಸುತ್ತಿಗೇ ಒಂದು ಊರಿನಷ್ಟು ಜನ. ಆ ಐದರಲ್ಲಿ ಗ್ರೂಪುಗಳಿದ್ದರೆ ಲೆಕ್ಕ ಬೋರ್ಡಿನ ಮೇಲೆ ಹಿಡಿಸುವುದಿಲ್ಲ. ‘ಡಿಲೀಟ್ ಫಾರ್ ಎವ್ರಿಒನ್’ ಇದೆಯಲ್ಲ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದು ಕಳಿಸಿದ ಸುಮಾರು ಎರಡೂವರೆ ದಿನದವರೆಗೆ ಮಾತ್ರ ಕೆಲಸ ಮಾಡುತ್ತದೆ, ಅದೂ ನಾವು ಕಳಿಸಿದ ಚಾಟ್‌ನಲ್ಲಿ. ಬೇರೆಯವರು ಮುಂದೆ ಕಳಿಸಿದ್ದಕ್ಕೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡದ್ದಕ್ಕೆ ಅದು ಮುಟ್ಟುವುದಿಲ್ಲ. ಗೋಳಗುಮ್ಮಟ ನೋಡಿದ ಮಕ್ಕಳಿಗೆ ಮೇಲಿನ ಪಿಸುಮಾತಿನ ಗ್ಯಾಲರಿ ನೆನಪಿರುತ್ತದೆ. ಗೋಡೆಗೆ ಬಾಯಿ ಹಚ್ಚಿ ಹೇಳಿದ ಗುಟ್ಟು ಎದುರು ಬದಿಯವರಿಗೆ ಕೇಳುತ್ತದೆ. ನಮ್ಮ ಗೆಳೆಯನಿಗಷ್ಟೇ ಕಳಿಸಿದ್ದೇವೆ ಅಂದುಕೊಂಡಾಗ ಆಗುವುದೂ ಅದೇ.

ಮೂರೂ ಪಿರಿಯಡ್‌ಗಳ ಕೊನೆಗೆ ಒಂದು ಮಾತು ಮಾತ್ರ ತಪ್ಪದೆ ಹೇಳಿ: ‘ಮೊಬೈಲ್‌ನಾಗ ಏನರ ತಪ್ಪಾದ್ರ ನನ್ನ ಹತ್ರ ಬರ್ರಿ. ಬಯ್ಯೂದಿಲ್ಲ, ಮೊದಲ ಸರಿಪಡಿಸೂಣು.’ ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಬಂದ ಮೊದಲ ಮಗುವಿಗೆ ಬೈಗುಳ ಬಿದ್ದರೆ ಎರಡನೆಯದು ಬರುವುದಿಲ್ಲ.

ಪ್ರಶ್ನೆ: ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ದಿನ ತೆಗೆದ 9ನೇ ತರಗತಿ ಹುಡುಗಿಯೊಬ್ಬಳ ಫೋಟೊವನ್ನು ಅದೇ ತರಗತಿಯ ಮೂವರು ಹುಡುಗರು ಯಾವುದೋ ಆ್ಯಪ್ ಬಳಸಿ ಅಸಭ್ಯವಾಗಿ ಬದಲಿಸಿ, ಅವಳ ಹೆಸರಲ್ಲಿ ಇನ್‌ಸ್ಟಾಗ್ರಾಮ್ ಖಾತೆ ತೆರೆದು ಹಾಕಿದ್ದಾರೆ. ಹುಡುಗಿ ಆರು ದಿನ ಯಾರಿಗೂ ಹೇಳಿಲ್ಲ. ಈಗ ಊರ ಹಿರಿಯರು ‘ಇಲ್ಲೇ ಮುಗಸೂಣ್ರಿ, ಹುಡುಗಿ ಹೆಸರು ಕೆಡ್ತದ’ ಎನ್ನುತ್ತಿದ್ದಾರೆ. ಹುಡುಗರ ಭವಿಷ್ಯದ ಚಿಂತೆಯೂ ಇದೆ. ನಾನೇನು ಮಾಡಬೇಕು?
– ಮುಖ್ಯ ಶಿಕ್ಷಕರು, ಇಂಡಿ ತಾಲ್ಲೂಕು

ಉತ್ತರ: ಗುರುಗಳೇ, ಇದನ್ನು ಇಲ್ಲೇ ಮುಗಿಸುವ ಅಧಿಕಾರ ನಿಮಗೂ ಇಲ್ಲ, ಹಿರಿಯರಿಗೂ ಇಲ್ಲ. 18 ವರ್ಷದೊಳಗಿನ ಮಗುವಿನ ಇಂಥ ಚಿತ್ರ, ಅದು ಕಂಪ್ಯೂಟರ್‌ನಲ್ಲಿ ತಿದ್ದಿ ಮಾಡಿದ್ದಾದರೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯೊಳಗೆ ಬರುತ್ತದೆ. 2019ರ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮೂ ಅನ್ವಯಿಸುತ್ತದೆ. ಪೋಕ್ಸೊದ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ತಂದೆತಾಯಿ ಬೇಡವೆಂದರೂ ಈ ಹೊಣೆ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ. ಹುಡುಗಿಯ ಹೆಸರು ಬಯಲಾಗುವ ಭಯಕ್ಕೂ ಕಾನೂನಿನಲ್ಲೇ ಉತ್ತರವಿದೆ: 23ನೇ ಕಲಂ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ನಿಜ ಹೇಳಬೇಕೆಂದರೆ ಊರ ಪಂಚಾಯ್ತಿಯಲ್ಲಿ ಹರಡುವಷ್ಟು ಬೇಗ ಹೆಸರು ಠಾಣೆಯಲ್ಲಿ ಹರಡುವುದಿಲ್ಲ.

ಈಗ ಕ್ರಮ. ಎಲ್ಲಕ್ಕೂ ಮೊದಲು ಹುಡುಗಿ. ಅವಳು ನಂಬುವ ಒಬ್ಬ ಶಿಕ್ಷಕಿ, ಒಂದು ಸಲ, ಬೇರೆ ಕೋಣೆಯಲ್ಲಿ ಕೂತು ಕೇಳಲಿ. ಮೊದಲ ವಾಕ್ಯ ‘ಇದರಾಗ ನಿಂದೇನೂ ತಪ್ಪಿಲ್ಲವ್ವಾ’ ಎಂದೇ ಇರಬೇಕು. ‘ಫೋಟೊ ಯಾಕ ತಗಿಸಿಕೊಂಡಿ’ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಬಾರದು. ಮುಖ್ಯ ಶಿಕ್ಷಕರಿಗೊಮ್ಮೆ, ಎಸ್‌ಡಿಎಂಸಿಗೊಮ್ಮೆ (ಶಾಲಾಭಿವೃದ್ಧಿ ಸಮಿತಿ), ಹಿರಿಯರಿಗೊಮ್ಮೆ ಅದನ್ನೇ ಹೇಳಿಸುವುದು ಅವಳಿಗೆ ಮತ್ತೆ ಮತ್ತೆ ಆಗುವ ಗಾಯ.

ಆಮೇಲೆ ಪುರಾವೆ. ನೋಟ್‌ಬುಕ್ಕಿನಲ್ಲಿ ಖಾತೆಯ ಹೆಸರು ಅಕ್ಷರ ತಪ್ಪದಂತೆ, ಅದರ ಲಿಂಕ್, ಕಂಡ ದಿನಾಂಕ, ಹೊತ್ತು, ಮೊದಲು ಕಂಡವರು ಯಾರು ಎಂದು ಬರೆದಿಡಿ. ಆ ಚಿತ್ರವನ್ನು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ, ‘ನೋಡ್ರಿ ಸರ’ ಎಂದು ಇನ್ನೊಬ್ಬ ಶಿಕ್ಷಕರಿಗೆ ಕಳಿಸಬೇಡಿ. ಅಂಥ ಚಿತ್ರವನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಒಳ್ಳೆಯ ಉದ್ದೇಶದ ಶಿಕ್ಷಕರು ಎಡವುವುದು ಇಲ್ಲಿಯೇ. ಹುಡುಗರ ಫೋನ್ ತೆರೆದು ಹುಡುಕಬೇಡಿ, ಅಳಿಸಿರೆಂದೂ ಹೇಳಬೇಡಿ; ಅದು ಪೊಲೀಸರ ಕೆಲಸ.

ಅದೇ ದಿನ ದೂರು. ಹತ್ತಿರದ ಠಾಣೆಗೂ ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ವಿಜಯಪುರದ ಸಿಇಎನ್ ಪೊಲೀಸ್ ಠಾಣೆಗೂ ಕೊಡಬಹುದು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಕ್ಕೆ ಬೇರೆಯದೇ ವಿಭಾಗವಿದೆ, ಹೆಸರು ಹೇಳದೆಯೂ ದೂರು ಹಾಕಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆ ಹುಡುಗಿಯ ಬೆನ್ನಿಗೆ ನಿಲ್ಲುತ್ತದೆ. ಲಿಂಕ್ ಬರೆದಿಟ್ಟುಕೊಂಡ ಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಆ ಖಾತೆಯ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ಬೇರೆಯವರ ಹೆಸರಲ್ಲಿ ನಟಿಸುತ್ತಿದ್ದಾರೆ ಎಂಬ ಕಾರಣ ಅಲ್ಲಿಯೇ ಇದೆ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ, ಅದು ಇರುವುದೇ 18ರೊಳಗಿನವರ ಇಂಥ ಚಿತ್ರಗಳಿಗಾಗಿ. ಚಿತ್ರವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ. ಚಿತ್ರ ಇರುವ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಅದಷ್ಟೇ ಹೋಗುತ್ತದೆ. ಒಪ್ಪಿಕೊಂಡ ಕಂಪನಿಗಳು ಆ ಸಂಖ್ಯೆಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಇದನ್ನು ಪೊಲೀಸರ ಜೊತೆ ಮಾತಾಡಿಕೊಂಡು, ಹುಡುಗಿ ಮತ್ತು ಅವಳ ಮನೆಯವರ ಕೈಯಿಂದಲೇ ಮಾಡಿಸಿ.

ಹುಡುಗರ ಬಗ್ಗೆ ನೀವು ಚಿಂತಿಸುವುದು ಸರಿ. ಅವರೂ ಮಕ್ಕಳೇ. ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಅವರ ಗುರುತನ್ನೂ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಕಾಯುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸುವುದು, ಹೊಡೆಯುವುದು, ಟಿ.ಸಿ. ಕೊಟ್ಟು ಕಳಿಸುವುದು ಬೇಡ. ಎಲ್ಲರೆದುರಿನ ಕ್ಷಮೆಯಲ್ಲಿ ಹುಡುಗಿ ಯಾರೆಂದು ಇಡೀ ಶಾಲೆಗೆ ತಿಳಿಯುತ್ತದೆ. ಟಿ.ಸಿ. ಕೊಟ್ಟರೆ ಹುಡುಗ ಅದೇ ಬುದ್ಧಿಯನ್ನು ಇನ್ನೊಂದು ಶಾಲೆಗೆ ಒಯ್ಯುತ್ತಾನೆ. ಹುಡುಗಿಯನ್ನು ಬೇರೆ ವಿಭಾಗಕ್ಕೆ ಹಾಕುವುದಾಗಲಿ, ‘ಸ್ವಲ್ಪ ದಿನ ಮನ್ಯಾಗಿರು’ ಎನ್ನುವುದಾಗಲಿ ಕೂಡದು. ಬೆಂಚು ಬದಲಿಸಬೇಕಾದವರು ಹುಡುಗರು.

ಅವಳು ಆರು ದಿನ ಯಾಕೆ ಸುಮ್ಮನಿದ್ದಳು ಎಂಬುದು ನಮ್ಮನ್ನು ಬಹಳ ಕಾಡಿತು. ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹೆದರುವುದು ಸಾಮಾನ್ಯವಾಗಿ ಚಿತ್ರಕ್ಕಿಂತ ಹೆಚ್ಚಾಗಿ ‘ಸಾಲಿ ಬಿಡಸ್ತಾರ’ ಎಂಬುದಕ್ಕೆ. ‘ಇಂಥದ್ದಾದರೆ ನಿಮ್ಮ ಶಾಲೆ ನಿಲ್ಲುವುದಿಲ್ಲ’ ಎಂಬ ಭರವಸೆಯನ್ನು ಪಾಲಕರ ಸಭೆಯಲ್ಲಿ, ಪಾಲಕರ ಬಾಯಿಂದಲೇ, ಮಕ್ಕಳೆದುರು ಹೇಳಿಸಿ. ವರ್ಷದ ಮೊದಲ ಸಭೆಯಲ್ಲೇ ಆಗಬೇಕಾದ ಕೆಲಸವಿದು.

ಪ್ರಶ್ನೆ: ಮಗಳ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಡಿಮೆ ಅಂಕದವರ ಪಟ್ಟಿ, ಫೀ ಬಾಕಿ ಇದ್ದವರ ಪಟ್ಟಿ ಹಾಕುತ್ತಾರೆ. ಸ್ಕಾಲರ್‌ಶಿಪ್‌ಗೆಂದು ಆಧಾರ್, ಪಾಸ್‌ಬುಕ್ ಫೋಟೊವನ್ನೂ ಗ್ರೂಪಿಗೇ ಹಾಕಿ ಎನ್ನುತ್ತಾರೆ. ಇದು ಸರಿಯೇ? ಕೇಳಿದರೆ ಮಗಳಿಗೆ ತೊಂದರೆಯಾದೀತೆಂದು ಹೆದರಿಕೆ.
– ಪಾಲಕರು, ಜಮಖಂಡಿ

ಉತ್ತರ: ಸರಿಯಲ್ಲ. ಮೂರೂ ಸರಿಯಲ್ಲ. ಒಬ್ಬರ ಸೋಲನ್ನು ಗ್ರೂಪಿನಲ್ಲಿ ಹಾಕಿ ತೋರಿಸುವುದು ನಾಚಿಕೆಯ ಕೆಲಸವಲ್ಲ ಎಂದು ಮಕ್ಕಳು ಇದರಿಂದಲೇ ಕಲಿಯುತ್ತಾರೆ. ಆಮೇಲೆ ಅದೇ ಶಾಲೆ ಅವರಿಗೆ ಆನ್‌ಲೈನ್ ಮರ್ಯಾದೆಯ ಪಾಠ ಹೇಳಿದರೆ ಯಾರು ಕೇಳುತ್ತಾರೆ?

ಅಂಕ, ಫೀ ವಿಷಯ ಆಯಾ ಪಾಲಕರಿಗೆ ಮಾತ್ರ ಹೋಗಬೇಕು. ಆಧಾರ್ ಜೆರಾಕ್ಸನ್ನು ಕಚೇರಿಗೇ ಕೊಡಿ. ಫೋನಿನಲ್ಲೇ ಕಳಿಸಬೇಕಾದರೆ ಜವಾಬ್ದಾರಿ ಹೊತ್ತ ಒಬ್ಬ ಶಿಕ್ಷಕರ ನಂಬರಿಗೆ ಕಳಿಸಿ, ಕೆಲಸ ಮುಗಿದ ಮೇಲೆ ಅಳಿಸಲು ಹೇಳಿ. ಬರೀ ಗುರುತಿಗಾಗಿ ಕೇಳಿದ್ದರೆ ‘ಮಾಸ್ಕ್ಡ್ ಆಧಾರ್’ ಸಾಕು. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಇದನ್ನು ಓದುತ್ತಿರುವ ಶಿಕ್ಷಕರಿಗೆ: ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ ಸಂದೇಶ ಕಳಿಸುವ ಅವಕಾಶವನ್ನು ಅಡ್ಮಿನ್‌ಗಳಿಗೆ ಮಾತ್ರ ಇಟ್ಟುಕೊಳ್ಳಿ, ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕೆಂದು ಇಡಿ. ಕಾರ್ಯಕ್ರಮದ ಫೋಟೊ ಹಾಕುವುದಿದ್ದರೆ ಗುಂಪಿನ ಫೋಟೊ ಇರಲಿ. ಒಂಟಿ ಮಗುವಿನ ಮುಖ, ಹೆಸರು, ತರಗತಿ ಮೂರೂ ಒಟ್ಟಿಗೆ ಹೋಗಬಾರದು. ದಾಖಲಾತಿಯ ಹೊತ್ತಿಗೇ ಫೋಟೊ ಬಳಕೆಗೆ ಪಾಲಕರ ಒಪ್ಪಿಗೆ ಬರೆಸಿಕೊಂಡರೆ ಮುಂದೆ ಮುಜುಗರವಿಲ್ಲ. ಗ್ರೂಪಿನಲ್ಲಿ ಯಾರೋ ಹಾಕಿದ್ದಕ್ಕೆ ತಾವು ಜೈಲಿಗೆ ಹೋಗಬೇಕಾದೀತೆಂದು ಹೆದರಿ ಎಷ್ಟೋ ಶಿಕ್ಷಕರು ಅಡ್ಮಿನ್ ಆಗಲು ಒಪ್ಪುವುದಿಲ್ಲ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೂ ಕೆಟ್ಟದ್ದು ಕಂಡ ಕೂಡಲೇ ಎಲ್ಲರಿಂದಲೂ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ, ಬಳಸಿ.

ನೀವು ಒಬ್ಬರೇ ಕೇಳಬೇಡಿ. ನಾಲ್ಕೈದು ಪಾಲಕರು ಸೇರಿ ಎಸ್‌ಡಿಎಂಸಿಗೆ ಅಥವಾ ಆಡಳಿತ ಮಂಡಳಿಗೆ ಬರೆದು ಕೊಡಿ. ಪತ್ರದಲ್ಲಿ ಯಾವ ಶಿಕ್ಷಕರ ಹೆಸರೂ ಬೇಡ, ಗ್ರೂಪಿನ ನಿಯಮ ಬದಲಿಸಿ ಎಂದಷ್ಟೇ ಕೇಳಿ.

ಪ್ರಶ್ನೆ: ನನ್ನ ಯಜಮಾನರು ಗೋವಾದಾಗ ಕೆಲಸಕ್ಕದಾರ. ಮನ್ಯಾಗ ಒಂದ ಫೋನ್. ನನಗ ಓದಾಕ ಬರೂದಿಲ್ಲ, ರೊಕ್ಕ ಕಳಸೂದು, ತರಸೂದು ಎಲ್ಲಾ 7ನೇತ್ತೆ ಓದೂ ಮಗಾನ ಮಾಡ್ತಾನ. ಹೋದ ತಿಂಗಳ ಗೇಮ್‌ಗೆ 3,400 ರೂಪಾಯಿ ಹಾಕ್ಯಾನ. ಫೋನ್ ಕಸಗೊಂಡೇನಿ. ಈಗ ಮಾತಾಡವಲ್ಲ. ಏನ್ ಮಾಡ್ಲಿ?
– ಸೀರೆ ನೇಯುವ ತಾಯಿ, ಇಳಕಲ್ (ಇನ್ನೊಬ್ಬರಿಂದ ಬರೆಸಿದ್ದು)

ಉತ್ತರ: ಅವ್ವಾ, ನಿಮ್ಮ ಮಗ ಮೂರು ಸಾವಿರ ಕಳೆದದ್ದು ನಿಜ. ಅಷ್ಟೇ ನಿಜವಾದ ಇನ್ನೊಂದು ಮಾತು: ಮನೆಯ ಹಣದ ವ್ಯವಹಾರವನ್ನೆಲ್ಲ ಹನ್ನೆರಡು ಹದಿಮೂರರ ಆ ಹುಡುಗನೇ ನಡೆಸಿಕೊಂಡು ಬಂದಿದ್ದಾನೆ. ಪಿನ್ ಅವನಿಗೆ ಗೊತ್ತಿರುವುದು ಕದ್ದು ನೋಡಿದ್ದಕ್ಕಲ್ಲ, ನಾವೇ ಹೇಳಿದ್ದಕ್ಕೆ. ಅವನ ಕೈಯಿಂದ ಫೋನ್ ಪೂರ್ತಿ ಕಸಿದರೆ ನಾಳೆ ಯಜಮಾನರು ದುಡ್ಡು ಕಳಿಸಿದಾಗ ಮತ್ತೆ ಅವನನ್ನೇ ಕರೆಯಬೇಕಾಗುತ್ತದೆ. ಆಗ ಗೇಮ್ ಆಡುವುದು ನಿಲ್ಲುವುದಿಲ್ಲ. ಗೆಳೆಯನ ಫೋನಿನಲ್ಲಿ, ನಿಮಗೆ ಕಾಣದಂತೆ ನಡೆಯುತ್ತದೆ.

ಕೆಲಸ ಹೀಗೆ ಹಂಚಿಕೊಳ್ಳಿ. ಬಂದ ಮೆಸೇಜನ್ನು ಅವನು ನಿಮಗೆ ಗಟ್ಟಿಯಾಗಿ ಓದಿ ಹೇಳಬೇಕು: ಯಾರಿಗೆ, ಎಷ್ಟು. ಪಿನ್ ಅಂಕಿಗಳನ್ನು ನೀವೇ ಒತ್ತಬೇಕು. ಓದಲು ಬರದಿದ್ದರೂ ಅಂಕಿ ಗುರುತಿಸುವುದು ನಿಮಗೆ ಕಷ್ಟವಲ್ಲ, ಮಗ್ಗದ ಮೇಲೆ ಎಳೆ ಎಣಿಸುವ ಕಣ್ಣು ನಿಮ್ಮದು. ಇವತ್ತೇ ಹೊಸ ಪಿನ್ ಹಾಕಿಸಿ, ನಿಮ್ಮ ಮನಸ್ಸಿನಲ್ಲಿ ಮಾತ್ರ ಇರಲಿ. ಒಂದು ಸಂದು ಉಳಿಯುತ್ತದೆ: ಯುಪಿಐ ಲೈಟ್ ಚಾಲೂ ಇದ್ದರೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದೇ ಇಲ್ಲ. ಅದನ್ನು ಬಂದ್ ಮಾಡಿಸಿ. ತಾನಾಗಿಯೇ ಹಣ ಕಡಿತವಾಗುವ ಆಟೊಪೇ ಯಾವುದಾದರೂ ಇದೆಯೋ ನೋಡಿಸಿ, ಬೇಡದ್ದನ್ನು ತೆಗೆಸಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿಸಿ.

ಮಗ ತಾನೇ ಕೊಂಡದ್ದಾದರೆ ಅದು ವಂಚನೆಯಲ್ಲ. ಪ್ಲೇ ಸ್ಟೋರಿನ ಮೂಲಕ ಕೊಂಡದ್ದನ್ನು 48 ಗಂಟೆಯೊಳಗೆ ಮರಳಿ ಕೇಳಬಹುದಿತ್ತು. ಈಗ ತಿಂಗಳಾಗಿದೆ, ಗೇಮ್ ಕಂಪನಿಗೆ ಬರೆದು ನೋಡಬಹುದಷ್ಟೆ. ಯಾರಾದರೂ ಲಿಂಕ್ ಕಳಿಸಿ, ‘ಡೈಮಂಡ್ ಫ್ರೀ’ ಎಂದು ಹೇಳಿ ಎತ್ತಿಕೊಂಡಿದ್ದರೆ ಅದು ಬೇರೆ ಮಾತು. ಆಗ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡಮಾಡಿದಷ್ಟು ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತ ಕೈಗೆ ಸಿಗದಂತಾಗುತ್ತದೆ. ಗೆದ್ದರೆ ದುಡ್ಡು ಕೊಡುತ್ತೇವೆನ್ನುವ ಆಟವಾಗಿದ್ದರೆ, ಅಂಥ ಹಣದ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ ಎಂದೂ ಅವನಿಗೆ ತಿಳಿಸಿ. ಇನ್ನೊಂದು ನಿಯಮವನ್ನು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ: ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಪಿನ್.

ಇವತ್ತು ಸಂಜೆ ಅವನನ್ನು ಹತ್ತಿರ ಕೂರಿಸಿಕೊಂಡು ‘ರೊಕ್ಕ ಹೋದದ್ದು ಹೋತು. ಮುಂದ ಏನರ ಆದ್ರ ನನಗ ಮೊದಲ ಹೇಳ, ಬಡಿಯೂದಿಲ್ಲ’ ಅನ್ನಿ. ಹೋದ 3,400ನ್ನು ತಿಂಗಳಿಗಿಷ್ಟು ಎಂದು ಅವನೇ ಲೆಕ್ಕ ಬರೆದು, ಅಂಗಡಿ ತಿನಿಸಿನ ರೊಕ್ಕದಲ್ಲಿ ಉಳಿಸಿ ತೀರಿಸಲಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತಿನ ಮಕ್ಕಳಿದ್ದಾರೆ. ನವೆಂಬರ್ 1 ಹತ್ತಿರ ಬಂದಂತೆ ಸ್ಟೇಟಸ್ ಜಗಳ ಶುರುವಾಗುತ್ತದೆ. ಹಳೆಯ ಗಲಾಟೆಯ ವಿಡಿಯೊ ಹಾಕಿ ‘ಇವತ್ತು ನಡೆದದ್ದು’ ಎನ್ನುತ್ತಾರೆ.
– ಶಿಕ್ಷಕ, ಖಾನಾಪುರ ತಾಲ್ಲೂಕು

ಉತ್ತರ: ಅಕ್ಟೋಬರ್ ಮೊದಲ ವಾರದಲ್ಲೇ ಪಾಠ ಮಾಡಿ ಸರ್, ಜಗಳ ಹತ್ತಿದ ಮೇಲೆ ಯಾರ ಕಿವಿಗೂ ಏನೂ ಹೋಗುವುದಿಲ್ಲ. ನಿಮ್ಮ ಮಕ್ಕಳಿಗೆ ಬೇರೆ ಕಡೆಯ ಮಕ್ಕಳಿಗಿಲ್ಲದ ಒಂದು ಶಕ್ತಿ ಇದೆ: ಬಹಳಷ್ಟು ಜನಕ್ಕೆ ಎರಡೂ ಭಾಷೆ ಬರುತ್ತದೆ. ಕನ್ನಡದ ಹುಡುಗ ಮರಾಠಿಯಲ್ಲಿ, ಮರಾಠಿಯ ಹುಡುಗಿ ಕನ್ನಡದಲ್ಲಿ ಹಬ್ಬದ ಶುಭಾಶಯ ಬರೆಯಲಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ. ಸ್ಟೇಟಸ್‌ಗೆ ಒಂದೇ ಅಳತೆಗೋಲು ಕೊಡಿ: ‘ನನ್ನ ಭಾಷೆ ಎಷ್ಟು ಚೆಂದ’ ಎಂದು ಎಷ್ಟು ಬೇಕಾದರೂ ಬರೆಯಿರಿ, ಆ ಸಾಲಿನಲ್ಲಿ ಇನ್ನೊಂದು ಭಾಷೆಯ ಹೆಸರು ಬಂತೆಂದರೆ ನಿಲ್ಲಿಸಿ, ಮತ್ತೆ ಓದಿ.

ಹಳೆಯ ವಿಡಿಯೊ ಪತ್ತೆ ಹಚ್ಚಲು ಮಕ್ಕಳನ್ನು ಪತ್ತೇದಾರರನ್ನಾಗಿ ಮಾಡಿ, ಅವರಿಗೆ ಅದು ಇಷ್ಟ. ಮಳೆಯಂಗಿ ತೊಟ್ಟಿದ್ದಾರೆ, ಆದರೆ ನಮ್ಮಲ್ಲಿ ಈಗ ಬಿಸಿಲು. ಬಸ್ಸಿನ ಬಣ್ಣ ಬೇರೆ. ಅಂಗಡಿ ಬೋರ್ಡಿನಲ್ಲಿ ಬೇರೆ ಊರಿನ ಹೆಸರು. ವಿಡಿಯೊದ ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಹಿಂದೆ ಎಲ್ಲಿ ಬಂದಿತ್ತೆಂದು ಎಷ್ಟೋ ಸಲ ಸಿಗುತ್ತದೆ. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದಾರು ಕೈ ದಾಟಿ ಬಂದದ್ದು, ಮೂಲ ಯಾರೆಂದು ಕಳಿಸಿದವರಿಗೂ ಗೊತ್ತಿಲ್ಲ ಎಂದರ್ಥ. ದೊಡ್ಡ ಮಕ್ಕಳಿಗೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಹೇಳಿ: ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುಳ್ಳು, ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನ ಜೀವ ತೆಗೆಯಿತು. ದೇಶದಲ್ಲಿ ಅಂಥವು ಒಂದರ ಮೇಲೊಂದು ನಡೆದ ಮೇಲೆಯೇ ಫಾರ್ವರ್ಡ್‌ಗೆ ಐದರ ಮಿತಿ ಬಂದದ್ದು. ಫಾರ್ವರ್ಡ್ ಮಾಡಿದ ಒಬ್ಬೊಬ್ಬರಿಗೂ ತಾವು ಎಚ್ಚರಿಸುತ್ತಿದ್ದೇವೆ ಅನ್ನಿಸಿರಬೇಕು. ಮಕ್ಕಳು ಬಹಳ ಹೊತ್ತು ಮಾತಾಡುವುದು ಈ ವಿಷಯವನ್ನೇ, ಅದಕ್ಕೆ ಒಂದು ಪೂರ್ತಿ ಪಿರಿಯಡ್ ಇಟ್ಟುಕೊಳ್ಳಿ.

ಪ್ರಶ್ನೆ: 10ನೇ ತರಗತಿಯ ಮಕ್ಕಳು ಪ್ರಬಂಧವನ್ನು ಎಐಯಿಂದ ಬರೆಸಿ ತರುತ್ತಾರೆ. ಇದೂ ನಡವಳಿಕೆಯ ವಿಷಯವೇ?
– ಕನ್ನಡ ಶಿಕ್ಷಕರು, ಚಿಕ್ಕೋಡಿ

ಉತ್ತರ: ಹೌದು, ಇನ್ನೊಬ್ಬರದನ್ನು ತನ್ನದೆಂದು ಹೇಳುವುದು ನಡವಳಿಕೆಯ ವಿಷಯವೇ. ವಿಷಯವನ್ನೇ ಬದಲಿಸಿ: ‘ನಮ್ಮ ಊರ ಸಂತೆ’ ಎಂದು ಕೊಡುವ ಬದಲು ‘ಹೋದ ವಾರದ ಸಂತೆಯಲ್ಲಿ ನಿನ್ನ ಅವ್ವ ಯಾವುದಕ್ಕೆ ಚೌಕಾಸಿ ಮಾಡಿದಳು, ಕೊನೆಗೆ ಎಷ್ಟಕ್ಕೆ ಕೊಂಡಳು?’ ಎಂದು ಕೊಡಿ. ಮೊದಲ ಕರಡು ತರಗತಿಯಲ್ಲೇ ಕೈಬರಹದಲ್ಲಿ ಆಗಲಿ. ಎಐ ಸಹಾಯ ಪಡೆದಿದ್ದರೆ ಕೆಳಗೆ ಒಂದು ಸಾಲಿನಲ್ಲಿ ಏನು ಕೇಳಿದೆ ಎಂದು ಬರೆಯುವ ರೂಢಿ ಮಾಡಿಸಿ. ಹಾಗೆ ಬರೆದವರ ಅಂಕ ಕಡಿಯಬೇಡಿ.

ಪ್ರಶ್ನೆ: ನಮ್ಮ ಕ್ಲಾಸಿನ ಗ್ರೂಪಿನ್ಯಾಗ ಒಬ್ಬಂಗ ಅಡ್ಡಹೆಸರಿಟ್ಟು ದಿನಾ ಕಾಡ್ತಾರ. ಅವನ ಜಾತಿ ಹಿಡದೂ ಮೀಮ್ ಮಾಡ್ಯಾರ. ನಾ ಏನೂ ಬರದಿಲ್ರಿ, ಒಮ್ಮೆ ನಗೂ ಇಮೋಜಿ ಅಷ್ಟ ಹಾಕೇನಿ. ನಂದೂ ತಪ್ಪದ ಏನ್ರಿ?
– ಪಿಯು ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಕೇಳಿದ್ದಕ್ಕೇ ನಿನ್ನ ಬಗ್ಗೆ ಅಭಿಮಾನವೆನಿಸಿತು. ಆ ಇಮೋಜಿ ತಪ್ಪೇ. ಅವನು ಆ ಮೀಮ್ ಎಷ್ಟು ಸಲ ತೆರೆದು ನೋಡಿದ್ದಾನೋ, ಅಷ್ಟೂ ಸಲ ಅದರ ಕೆಳಗೆ ನಿನ್ನ ನಗು ಕಂಡಿದೆ. ಅದನ್ನು ಈಗಲೇ ತೆಗೆದುಹಾಕು, ಒತ್ತಿದ ಇಮೋಜಿಯನ್ನೇ ಮತ್ತೆ ಒತ್ತಿದರೆ ಹೋಗುತ್ತದೆ.

ಆಮೇಲೆ ಗ್ರೂಪಿನಲ್ಲಿ ಅಲ್ಲ, ಅವನ ನಂಬರಿಗೆ ಬರೆ: ‘ಅವತ್ತ ನಾ ನಕ್ಕದ್ದು ತಪ್ಪಾತು. ನಾಳೆ ಒಟ್ಟಿಗೆ ಊಟ ಮಾಡೂಣು ಬಾ.’ ಇಷ್ಟು ಸಾಕು. ಕಾರಣ ಕೊಡಬೇಡ, ‘ಎಲ್ಲಾರೂ ನಕ್ರು’ ಎನ್ನಬೇಡ. ಗ್ರೂಪಿನಲ್ಲಿ ಒಂದು ಸಾಲು ಬರೆಯುವ ಧೈರ್ಯವಿದ್ದರೆ ‘ಇದು ಸಾಕು ಮಾಡ್ರಿ’ ಅನ್ನು; ವಾದಕ್ಕೆ ಇಳಿಯಬೇಡ, ಯಾರೋ ಏನೋ ಅಂದರೆ ಉತ್ತರಿಸಬೇಡ. ಒಬ್ಬನೇ ಬರೆಯುವುದಕ್ಕಿಂತ ಮೊದಲೇ ಇಬ್ಬರು ಗೆಳೆಯರ ಜೊತೆ ಮಾತಾಡಿಕೊಂಡು ಮೂವರೂ ಒಂದಾದ ಮೇಲೊಂದು ಬರೆದರೆ ಗ್ರೂಪಿನ ಗಾಳಿ ಬದಲಾಗುತ್ತದೆ. ಜಾತಿ ಹಿಡಿದು ಮಾಡಿದ ಮೀಮ್ ಚೇಷ್ಟೆಯ ಗೆರೆ ದಾಟಿದೆ. ಅವನು ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರಾಗುವ ವಿಷಯವಿದು. ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಕಾಣುವಂತೆ, ನೀನು ನಂಬುವ ಉಪನ್ಯಾಸಕರಿಗೆ ತೋರಿಸು. ಅದು ಚಾಡಿ ಹೇಳಿದಂತಲ್ಲ.

ಅವನ ಸ್ಟೇಟಸ್‌ನಲ್ಲಿ, ಮಾತಿನಲ್ಲಿ ‘ಇನ್ನ ಸಾಕಾಗೇತಿ’, ‘ನಾ ಇರೂದಿಲ್ಲ’ ಎಂಬಂಥದ್ದು ಏನಾದರೂ ಕಂಡರೆ ಬೆಳಗಿನವರೆಗೆ ಕಾಯಬೇಡ. ಆ ರಾತ್ರಿಯೇ ಅವನಿಗೆ ಫೋನ್ ಮಾಡು, ಮೆಸೇಜ್ ಅಲ್ಲ. ಅವನ ಮನೆಯವರಿಗೆ, ನಿನ್ನ ಮನೆಯವರಿಗೆ ತಿಳಿಸು. 14416 ಟೆಲಿ ಮಾನಸ್ ಸಹಾಯವಾಣಿ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. 18 ತುಂಬಿರದಿದ್ದರೆ 1098 ಕೂಡ ಇದೆ. ಎರಡೂ ನಂಬರನ್ನು ಈಗಲೇ ನಿನ್ನ ಫೋನಿನಲ್ಲಿ ಸೇವ್ ಮಾಡಿಟ್ಟುಕೋ.